ಒಂದೇ ರಿಂಗಿಗೆ ಕಟ್ಟಾದ ಫೋನು: ತಿರುಗಿ ಮಾಡುವ ಮುಂಚೆ

ಬೆಳಗ್ಗೆ ಡೈರಿಗೆ ಹಾಲು ಹಾಕಿ ಮಂಡ್ಯದ ಬಸ್ಸು ಹತ್ತಿ ಬಂದಿದ್ದ ದೊಡ್ಡಪ್ಪ ಒಬ್ಬರು, ಅಂಗಿ ಜೇಬಿನಿಂದ ಕೀಪ್ಯಾಡ್ ಫೋನ್ ತೆಗೆದು ನನ್ನ ಅಂಗಡಿಯ ಗಾಜಿನ ಮೇಲೆ ಕುಕ್ಕಿದರು. "ಏನಪ್ಪ ಇದು, ಮೊನ್ನೆ ತಾನೆ ಇನ್ನೂರು ರೂಪಾಯಿ ಕರೆನ್ಸಿ ಹಾಕುಸ್ಕಂಡ್ ವೋಗಿದ್ನಲ್ಲ. ಈಗ ನೋಡುದ್ರೆ ಏನೂ ಇಲ್ಲ ಅಂತದೆ."

ಫೋನ್ ತೆಗೆದು ನೋಡಿದೆ. ಹಿಂದಿನ ರಾತ್ರಿ ಒಂದು ಮಿಸ್ಡ್ ಕಾಲ್. ಅದೇ ನಂಬರಿಗೆ ಇವರು ಎರಡು ಸಲ ತಿರುಗಿ ಮಾಡಿದ್ದಾರೆ. ಎರಡೂ ಸೇರಿ ಮೂರು ನಿಮಿಷ ಚಿಲ್ಲರೆ.

"ಒಂದ್ ಸತಿ ರಿಂಗ್ ಕೊಟ್ಟು ಕಟ್ ಮಾಡುದ್ರು. ಬಟವಾಡೆ ವಿಸ್ಯಕ್ಕೆ ಡೈರಿಯೋರು ಮಾಡವ್ರೇನೋ ಅಂತ ತಿರುಗ ಮಾಡ್ದೆ. ಟ್ರಿಣ್ ಟ್ರಿಣ್ ಅಂತ ಬಡ್ಕತನೇ ಇತ್ತು, ಯಾರೂ ಎತ್ನಿಲ್ಲ ಕನಪ್ಪ. ಎತ್ತದೇ ಇದ್ಮೇಲೆ ಅದೆಂಗೆ ದುಡ್ಡು ಕಟ್ಟಾದಾದು?"

ಆ ಪ್ರಶ್ನೆಗೆ ಉತ್ತರ ಹೇಳೋಕೆ ಕೂತರೆ ಇಡೀ ಮೋಸದ ಕಥೆಯೇ ಬಿಚ್ಚಿಕೊಳ್ಳುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊಬೈಲ್ ರೀಚಾರ್ಜ್ ಅಂಗಡಿ ಆಗೋಕೆ ಮುಂಚೆ ನನ್ನದು ಎಸ್‌ಟಿಡಿ ಬೂತು. ಹಳದಿ ಬೋರ್ಡು, ಗಾಜಿನ ಗೂಡು, ಒಳಗೊಂದು ಫೋನು, ಅದರ ತಲೆಯ ಮೇಲೆ ಮೀಟರು. ಮಾತಾಡುವವರ ಕಣ್ಣು ಆ ಕೆಂಪು ಅಂಕಿಗಳ ಮೇಲೇ ಇರುತ್ತಿತ್ತು. ಹತ್ತು ರೂಪಾಯಿ ದಾಟಿತು ಅಂದರೆ "ಆಯ್ತು ಇಡ್ತೀನಿ, ಕಾಗದ ಬರಿ" ಅಂತ ಕುಕ್ಕಿಬಿಡುತ್ತಿದ್ದರು. ದುಬೈಗೋ ಅಮೆರಿಕಕ್ಕೋ ಮಾತಾಡಬೇಕು ಅಂದರೆ ರಾತ್ರಿ ರೇಟು ಕಮ್ಮಿಯಾಗುವವರೆಗೂ ಬೆಂಚಿನ ಮೇಲೆ ಕಾಯುತ್ತಿದ್ದರು. ಮೊಬೈಲು ಬಂದು ಆ ಮೀಟರನ್ನು ಕಣ್ಣಿಂದ ಮರೆ ಮಾಡಿತು. ಮೀಟರು ಇಲ್ಲ ಅಂತಲ್ಲ, ಕಾಣಿಸುವುದಿಲ್ಲ ಅಷ್ಟೇ. ಈ ಕಳ್ಳರ ಬಂಡವಾಳವೇ ಅದು.

ದುಡ್ಡು ಹೋಗುವ ದಾರಿ

ಜಪಾನಿನವರು ಇದಕ್ಕೆ ವಾನ್‌ಗಿರಿ ಅಂತ ಹೆಸರಿಟ್ಟಿದ್ದಾರೆ. ಒಂದು ರಿಂಗು, ಆಮೇಲೆ ಕಟ್ಟು ಅಂತ ಅರ್ಥ. ನಮ್ಮ ಕಿವಿಗೆ ದಾದಾಗಿರಿಯ ತಮ್ಮನ ಹಾಗೆ ಕೇಳಿಸುತ್ತದೆ. ಕೆಲಸವೂ ಹೆಚ್ಚು ಕಮ್ಮಿ ಅದೇ.

ನಾವು ಹೊರದೇಶದ ನಂಬರಿಗೆ ಕರೆ ಮಾಡಿದರೆ, ಆ ಕರೆಯನ್ನು ತಲುಪಿಸಿದ್ದಕ್ಕೆ ನಮ್ಮ ಕಂಪನಿ ಅಲ್ಲಿನ ಕಂಪನಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಅದು ನಮ್ಮ ಕರೆನ್ಸಿಯಿಂದ ಹೋಗುತ್ತದೆ. ದೇಶ ಯಾವುದು ಅನ್ನುವುದರ ಮೇಲೆ ರೇಟು ನಿಮಿಷಕ್ಕೆ ಕೆಲವೇ ರೂಪಾಯಿಯಿಂದ ಹಿಡಿದು ನೂರು ದಾಟುವುದೂ ಉಂಟು. ರೇಟು ಜಾಸ್ತಿ ಇರುವ ಕಡೆ ಕಳ್ಳರು ನಂಬರುಗಳನ್ನು ಬಾಡಿಗೆಗೆ ಹಿಡಿಯುತ್ತಾರೆ. ಒಳಗೆ ಬರುವ ಪ್ರತಿ ನಿಮಿಷದ ದುಡ್ಡಿನಲ್ಲಿ ಅವರಿಗೊಂದು ಪಾಲು. ಆಮೇಲೆ ಕಂಪ್ಯೂಟರ್ ಕೂರಿಸಿ ಸಾವಿರಾರು ಮೊಬೈಲುಗಳಿಗೆ ಒಂದೊಂದು ರಿಂಗ್ ಕೊಡಿಸುವುದು. ನಾವು ಎತ್ತುವ ಮೊದಲೇ ಕಟ್ಟಾಗುವುದರಿಂದ ಅವರಿಗೆ ಖರ್ಚಿಲ್ಲ. ನೂರಕ್ಕೆ ನಾಲ್ಕು ಜನ ತಿರುಗಿ ಮಾಡಿದರೂ ಅವರ ಸಂತೆ ನಡೆಯುತ್ತದೆ.

ಇನ್ನು ದೊಡ್ಡಪ್ಪನ ಪ್ರಶ್ನೆ. ಅವರು ಕೇಳಿಸಿಕೊಂಡ ಟ್ರಿಣ್ ಟ್ರಿಣ್ ನಿಜವಾದ ರಿಂಗೇ ಆಗಿರಬೇಕಿಲ್ಲ. ಆ ಕಡೆಯವರು ಮೊದಲ ಕ್ಷಣವೇ ಫೋನ್ ಎತ್ತಿರುತ್ತಾರೆ, ಎತ್ತಿ ರಿಂಗಿನ ಸದ್ದನ್ನೇ ರೆಕಾರ್ಡ್ ಹಾಕಿ ಕೇಳಿಸುತ್ತಾರೆ. ಯಾರೂ ಎತ್ತಲಿಲ್ಲ ಅಂತ ನಾವು ಕಾಯುತ್ತಾ ನಿಂತಿರುತ್ತೇವೆ, ಮೀಟರು ಓಡುತ್ತಿರುತ್ತದೆ. ಕೆಲವು ಕಡೆ ಸಂಗೀತ ಹಾಕುತ್ತಾರೆ, ಕೆಲವು ಕಡೆ "ದಯವಿಟ್ಟು ಕಾಯಿರಿ" ಅಂತ ಇಂಗ್ಲಿಷಿನಲ್ಲಿ ಹೆಂಗಸಿನ ದನಿ. ಉದ್ದೇಶ ಒಂದೇ, ನಾವು ಫೋನ್ ಇಟ್ಟುಬಿಡಬಾರದು.

ಇದು ನಮ್ಮ ಕಡೆ ಇಷ್ಟು ಚೆನ್ನಾಗಿ ನಾಟಲು ಇನ್ನೊಂದು ಕಾರಣವಿದೆ. ಮಿಸ್ಡ್ ಕಾಲ್ ನಮಗೆ ಒಂದು ಭಾಷೆ. "ಮದ್ದೂರು ದಾಟುದ್ ತಕ್ಷಣ ಒಂದ್ ಮಿಸ್ ಕಾಲ್ ಕೊಡು", "ನೀರು ಬಿಟ್ರೆ ರಿಂಗ್ ಕೊಡು, ಬತ್ತೀನಿ". ಕರೆನ್ಸಿ ಇಲ್ಲದವರು ರಿಂಗ್ ಕೊಡುವುದು, ಇದ್ದವರು ತಿರುಗಿ ಮಾಡುವುದು, ಅದು ಮರ್ಯಾದೆ. ತಿರುಗಿ ಮಾಡದಿದ್ದರೆ "ದೊಡ್ ಮನ್ಸ ಆಗ್ಬುಟ್ಟ" ಅನ್ನಿಸಿಕೊಳ್ಳಬೇಕು. ಆ ಮರ್ಯಾದೆಗೇ ಇವರು ಗಾಳ ಹಾಕುತ್ತಿರುವುದು.

ಮೊದಲು ನಂಬರಿನ ತಲೆ ನೋಡಿ

ದೊಡ್ಡಪ್ಪನಿಗೆ ಬಂದ ನಂಬರು +232ರಿಂದ ಶುರುವಾಗಿತ್ತು. ಮಂಡ್ಯದವರಿಗೆ ಇದು ನಿಜಕ್ಕೂ ಮೋಸ ಮಾಡುವ ಅಂಕಿ. ನಮ್ಮ ಎಸ್‌ಟಿಡಿ ಕೋಡು 08232. ಕನ್ನಡಕ ಇಲ್ಲದೆ, ಚಿಕ್ಕ ಪರದೆಯಲ್ಲಿ ನೋಡಿದರೆ 232 ಅನ್ನುವುದಷ್ಟೇ ಕಣ್ಣಿಗೆ ಬೀಳುತ್ತದೆ, "ಮಂಡ್ಯದ್ದೇ ಲ್ಯಾಂಡ್‌ಲೈನು" ಅಂತ ಬೆರಳು ಹಸಿರು ಗುಂಡಿಗೆ ಹೋಗುತ್ತದೆ. ಆದರೆ +232 ಅಂದರೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್. ಮೈಸೂರಿನವರೂ ನೋಡಿಕೊಳ್ಳಿ: ನಿಮ್ಮ 0821ರ ಸೊನ್ನೆ ಇರುವ ಜಾಗದಲ್ಲಿ ಪ್ಲಸ್ ಇದ್ದರೆ ಅದು ಮೈಸೂರಲ್ಲ, +82 ದಕ್ಷಿಣ ಕೊರಿಯಾ.

ಹಾಗಾಗಿ ಮನೆಯ ಎಲ್ಲರಿಗೂ, ಮುಖ್ಯವಾಗಿ ವಯಸ್ಸಾದವರಿಗೆ, ಇಷ್ಟು ಕಲಿಸಿ. ಪ್ಲಸ್ ಚಿಹ್ನೆ ಇದ್ದರೆ ಅದರ ಪಕ್ಕದ ಎರಡು ಅಂಕಿ ಓದಬೇಕು. 91 ಇದ್ದರೆ ನಮ್ಮ ದೇಶದ್ದು. ಬೇರೆ ಏನೇ ಇದ್ದರೂ ಹೊರಗಿನದು. ಹಳೆಯ ಫೋನುಗಳಲ್ಲಿ ಪ್ಲಸ್ ಬದಲು ಎರಡು ಸೊನ್ನೆ ತೋರಿಸುವುದುಂಟು. ಬೂತಿನ ಕಾಲದಲ್ಲಿ ಒಂದು ಸೊನ್ನೆ ಒತ್ತಿದರೆ ಎಸ್‌ಟಿಡಿ, ಎರಡು ಸೊನ್ನೆ ಒತ್ತಿದರೆ ಐಎಸ್‌ಡಿ, ಅಂದರೆ ಹೊರದೇಶದ ಕರೆ, ಅಂತಿತ್ತಲ್ಲ, ಅದೇ ಲೆಕ್ಕ. +92 ಪಾಕಿಸ್ತಾನ, +94 ಶ್ರೀಲಂಕಾ, +977 ನೇಪಾಳ. ಇವು ಒಂಬತ್ತರಿಂದಲೇ ಶುರುವಾಗುವುದರಿಂದ ನಮ್ಮ ಮೊಬೈಲ್ ನಂಬರಿನ ಹಾಗೇ ಕಾಣುತ್ತವೆ. ಟ್ಯುನೀಶಿಯಾದ +216, ಸೊಮಾಲಿಯಾದ +252, ಲಾಟ್ವಿಯಾದ +371, ಬೆಲಾರೂಸಿನ +375 ಕೂಡ ಆಗಾಗ ತಲೆ ಹಾಕುತ್ತವೆ. ಆಯಾ ದೇಶದ ಜನರದ್ದೇನೂ ತಪ್ಪಿಲ್ಲ, ಅಲ್ಲಿನ ನಂಬರು ಬಾಡಿಗೆಗೆ ಸಿಗುತ್ತದೆ ಅಷ್ಟೇ. ಪಟ್ಟಿ ಬಾಯಿಪಾಠ ಮಾಡೋದು ಬೇಡ. 91 ಒಂದು ನೆನಪಿದ್ದರೆ ಸಾಕು.

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಇರುವವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಅಲ್ಲಿ ಮನೆಮನೆಯಲ್ಲೂ ಅಮೆರಿಕದಲ್ಲಿರುವ ಮಗನೋ ಮಗಳೋ ಇದ್ದಾರೆ. +1 ಕಂಡರೆ "ಮಗಂದೇ ಇರಬೇಕು, ಆಫೀಸ್ ಫೋನಿಂದ ಮಾಡಿದಾನೆ" ಅಂತ ಅಮ್ಮಂದಿರಿಗೆ ಜೀವ ನಿಲ್ಲುವುದಿಲ್ಲ. ಆದರೆ +1 ಅಮೆರಿಕ, ಕೆನಡಾಗಳದ್ದು ಮಾತ್ರವಲ್ಲ, ಕೆರಿಬಿಯನ್ ದ್ವೀಪಗಳೂ ಅದೇ ಕೋಡಿನಲ್ಲಿವೆ. +1 ಆದ ಮೇಲೆ 876 ಇದ್ದರೆ ಜಮೈಕಾ, 473 ಇದ್ದರೆ ಗ್ರೆನಡಾ, 809 ಇದ್ದರೆ ಡೊಮಿನಿಕನ್ ಗಣರಾಜ್ಯ. ಮಕ್ಕಳ ನಂಬರನ್ನು +1 ಸಮೇತ ಹೆಸರು ಹಾಕಿ ಸೇವ್ ಮಾಡಿಕೊಂಡರೆ ಗೊಂದಲವೇ ಇಲ್ಲ. ಹೆಸರು ಬರದಿದ್ದರೆ ಮಗನಲ್ಲ.

ಐಎಸ್‌ಡಿ ಬಾಗಿಲು ಹಾಕಿಸಿ

ಎಷ್ಟು ಹೇಳಿಕೊಟ್ಟರೂ ನಿದ್ದೆಗಣ್ಣಿನಲ್ಲಿ ಬೆರಳು ತಪ್ಪುತ್ತದೆ. ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಬಾಗಿಲನ್ನೇ ಹಾಕಿಸಿ ಅಂತ. ನಿಮ್ಮ ಸಿಮ್ ಕಂಪನಿಯ ಕಸ್ಟಮರ್ ಕೇರ್‌ಗೆ ಅದೇ ಫೋನಿನಿಂದ ಮಾಡಿ, "ಈ ನಂಬರಿನಿಂದ ಹೊರದೇಶಕ್ಕೆ ಹೋಗುವ ಕರೆ ಬಂದ್ ಮಾಡಿ" ಅನ್ನಿ. ಇಲ್ಲದಿದ್ದರೆ ಆಧಾರ್ ಹಿಡಿದುಕೊಂಡು ಅವರ ಶೋರೂಮಿಗೆ ಹೋಗಿ. ಬಂದ್ ಆಗಿದೆ ಅಂತ ಮೆಸೇಜು ಬರುವವರೆಗೂ ಆಯಿತು ಅಂತ ನಂಬಬೇಡಿ. ಹೊರಗಿನಿಂದ ಬರುವ ಕರೆಗೆ ಇದರಿಂದ ಏನೂ ಅಡ್ಡಿಯಿಲ್ಲ. ಮೊಮ್ಮಕ್ಕಳ ಜೊತೆ ವಾಟ್ಸಾಪ್‌ನಲ್ಲಿ ಮುಖ ನೋಡಿ ಮಾತಾಡುವುದಕ್ಕೂ ಅಡ್ಡಿಯಿಲ್ಲ, ಅದು ಇಂಟರ್ನೆಟ್ಟಿನಲ್ಲಿ ಹೋಗುತ್ತದೆ. ಹಾಗೆ ನೋಡಿದರೆ ಇವತ್ತು ಐಎಸ್‌ಡಿ ಬೇಕಾದ ಮನೆಗಳೇ ಕಮ್ಮಿ.

ಬೇಕಾದವರೂ ಇದ್ದಾರೆ. ಮೈಸೂರಿನ ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರಿಗೆ ರೂಮು ಕೊಡುವವರಿಗೆ ದಿನಾ ಯಾವುದೋ ದೇಶದ ನಂಬರಿನಿಂದ ಫೋನ್ ಬರುವುದೇ ವ್ಯಾಪಾರ. ಅವರಿಗೆ ನನ್ನ ಸಲಹೆ, ಮಿಸ್ಡ್ ಕಾಲ್ ಕಂಡರೆ ಡಯಲ್ ಮಾಡಬೇಡಿ, ಅದೇ ನಂಬರಿಗೆ ವಾಟ್ಸಾಪ್ ಮೆಸೇಜು ಹಾಕಿ. ರೂಮು ಬೇಕಾದವನು ಉತ್ತರ ಕೊಡುತ್ತಾನೆ. ಕಳ್ಳನ ಕಂಪ್ಯೂಟರಿಗೆ ರೂಮು ಬೇಕಿಲ್ಲ.

ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಿದ್ದೇನಲ್ಲ, ನನಗೇನು ಅನ್ನುವವರು ಬಹಳ. ಆ ಪ್ಯಾಕಿನಲ್ಲಿ ಐಎಸ್‌ಡಿ ಸೇರಿಲ್ಲ. ಹೊರದೇಶದ ಕರೆಗೆ ಮೇನ್ ಬ್ಯಾಲೆನ್ಸ್‌ನಿಂದ ಕಟ್ಟಾಗುತ್ತದೆ. ಅದರಲ್ಲಿ ಏನೂ ಇಲ್ಲದಿದ್ದರೆ ಕರೆ ಹೋಗುವುದೇ ಇಲ್ಲ. ಆದ್ದರಿಂದ ಪ್ಯಾಕ್ ಇರುವವರು ಮೇನ್ ಬ್ಯಾಲೆನ್ಸ್‌ಗೆ ದುಡ್ಡು ತುಂಬಿಸಿಡಬೇಡಿ. ನನಗೆ ಕಮಿಷನ್ ಹೋಗುತ್ತದೆ, ಹೋಗಲಿ. ಪೋಸ್ಟ್‌ಪೇಯ್ಡ್‌ನವರ ಕಷ್ಟವೇ ಬೇರೆ, ತಿಂಗಳ ಕೊನೆಗೆ ಬಿಲ್ಲು ಬಂದಾಗಲೇ ಗೊತ್ತಾಗುವುದು. ಅವರು ಐಎಸ್‌ಡಿ ಬಂದ್ ಮಾಡಿಸುವುದರ ಜೊತೆಗೆ ಬಿಲ್ಲಿಗೆ ಒಂದು ಮಿತಿಯನ್ನೂ ಹಾಕಿಸಿಕೊಳ್ಳಬೇಕು.

ಕೀಪ್ಯಾಡ್ ಫೋನಿನಲ್ಲಿ ಒಂದು ಎಡವಟ್ಟಿದೆ. ಹಸಿರು ಗುಂಡಿ ಒಮ್ಮೆ ಒತ್ತಿದರೆ ಕೊನೆಯ ನಂಬರು ತೋರಿಸುತ್ತದೆ, ಇನ್ನೊಮ್ಮೆ ಒತ್ತಿದರೆ ಕರೆಯೇ ಹೋಗುತ್ತದೆ. ಜೇಬಿನಲ್ಲಿ, ಎಲೆಅಡಿಕೆ ಚೀಲದಲ್ಲಿ, ಗದ್ದೆ ಕೆಲಸದ ಹೊತ್ತಲ್ಲಿ ಅದು ತಾನಾಗೇ ಆಗಿಬಿಡುತ್ತದೆ. ಗೊತ್ತಿಲ್ಲದ ನಂಬರಿನ ಮಿಸ್ಡ್ ಕಾಲ್ ಇದ್ದರೆ ಲಿಸ್ಟಿನಿಂದ ಅಳಿಸಿ, ಕೀಪ್ಯಾಡ್ ಲಾಕ್ ಹಾಕಿಟ್ಟುಕೊಳ್ಳಿ.

ಸ್ಟಾರು, ಹ್ಯಾಶು ಒತ್ತಿಸುವವರು

ಇದು ಮಿಸ್ಡ್ ಕಾಲಿಗಿಂತ ಅಪಾಯದ್ದು. "ನಿಮ್ಮ ಪಾರ್ಸೆಲ್ ಬಂದಿದೆ, ಡೆಲಿವರಿ ಹುಡುಗನಿಗೆ ಅಡ್ರೆಸ್ ಸಿಗ್ತಿಲ್ಲ, ಈ ನಂಬರ್ ಡಯಲ್ ಮಾಡಿ" ಅಂತ ಒಂದು ಕರೆ ಬರುತ್ತದೆ. ಡಯಲ್ ಮಾಡಲು ಹೇಳುವುದು *401* ಅಥವಾ *21* ಒತ್ತಿ, ಅದರ ಮುಂದೆ ಒಂದು ಮೊಬೈಲ್ ನಂಬರು. ಇದು ಕಾಲ್ ಫಾರ್ವರ್ಡ್ ಮಾಡುವ ಕೋಡು. ಒತ್ತಿದ ಕ್ಷಣದಿಂದ ನಿಮಗೆ ಬರುವ ಕರೆಗಳೆಲ್ಲ ಅವನ ಫೋನಿಗೆ ಹೋಗುತ್ತವೆ. ಮಾತಿನಲ್ಲಿ ಹೇಳುವ ಓಟಿಪಿ ಅವನ ಕಿವಿಗೆ ಬೀಳುತ್ತದೆ, ನಿಮ್ಮ ವಾಟ್ಸಾಪ್ ಅವನ ಕೈಗೆ ಹೋಗುತ್ತದೆ. ಹಾಗೆ ತಿರುಗಿಸಿದ ಕರೆಯ ಖರ್ಚು ಬೀಳುವುದೂ ತಿರುಗಿಸಿದವರ, ಅಂದರೆ ನಿಮ್ಮ ತಲೆಗೇ. ಈ ಕಾಟ ಹೆಚ್ಚಾಗಿ, ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಹಾಗಂತ ನಿಶ್ಚಿಂತೆಯಾಗಿ ಇರುವಂತಿಲ್ಲ. ಬೇರೆಯವರು ಹೇಳಿದ ಸ್ಟಾರ್, ಹ್ಯಾಶ್ ಇರುವ ಯಾವ ನಂಬರನ್ನೂ ಒತ್ತಬೇಡಿ.

ಒತ್ತಿಬಿಟ್ಟಿದ್ದೀರಾ? ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡನ್ನೂ ತೆಗೆದುಹಾಕುವ ಕೋಡು ಅದು. ಆಗಲಿಲ್ಲ ಅಂದರೆ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಅಂತ ಇರುತ್ತದೆ, ತೆಗೆದು ನೋಡಿ. "ಯಾವಾಗಲೂ ಫಾರ್ವರ್ಡ್" ಅನ್ನುವುದು ಆಫ್ ಆಗಿರಬೇಕು. ಬಿಜಿ ಇದ್ದಾಗ, ಸಿಗದಿದ್ದಾಗ ಅನ್ನುವ ಜಾಗದಲ್ಲಿ ಕೆಲವು ಸಲ ಕಂಪನಿಯದ್ದೇ ಒಂದು ನಂಬರು ಕೂತಿರುತ್ತದೆ, ಅದನ್ನು ಕಂಡು ಗಾಬರಿ ಆಗಬೇಡಿ. ಅಲ್ಲಿ ಯಾರದೋ ಹತ್ತಂಕಿಯ ಮೊಬೈಲ್ ನಂಬರು ಇದ್ದರೆ ಮಾತ್ರ ತೆಗೆಸಿ.

ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ "ಅಣ್ಣ, ಫೋನ್ ಸ್ವಿಚಾಫ್ ಆಗಿದೆ, ಒಂದು ಕಾಲ್ ಮಾಡ್ಕೋತೀನಿ" ಅನ್ನುವವರು ಸಿಕ್ಕರೆ ಇಲ್ಲ ಅನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಇಲ್ಲ ಅನ್ನಲೂ ಬೇಡಿ. ನಂಬರು ಕೇಳಿ ನೀವೇ ಒತ್ತಿ, ಸ್ಪೀಕರ್ ಹಾಕಿ, ಫೋನ್ ನಿಮ್ಮ ಕೈಯಲ್ಲೇ ಇರಲಿ.

ಚಿಲ್ಲರೆ ಕಳ್ಳತನಗಳು

ಬೇಗ ಹೇಳಿ ಮುಗಿಸುತ್ತೇನೆ. ಯಾರಿಗೋ ಫೋನ್ ಮಾಡಿದಾಗ ಕೇಳುವ ಹಾಡು ಬೇಕಾದರೆ ಸ್ಟಾರ್ ಒತ್ತಿ ಅಂತಾರಲ್ಲ, ಅದು ಎಲ್ಲ ಕಡೆ ಪುಕ್ಕಟೆ ಅಲ್ಲ. ಜಾತಕ, ಕ್ರಿಕೆಟ್ ಸ್ಕೋರು ಅಂತ ಬರುವ ಐದಂಕಿಯ ನಂಬರುಗಳಿಗೆ ರೇಟು ಬೇರೆ. ಕೇಳದ ಸೇವೆ ನಿಮ್ಮ ಫೋನಿಗೆ ಅಂಟಿಕೊಂಡು ಕರೆನ್ಸಿ ತಿನ್ನುತ್ತಿದ್ದರೆ 155223ಕ್ಕೆ ಮಾಡಿ ತೆಗೆಸಬಹುದು. "ಎರಡು ಗಂಟೆಯಲ್ಲಿ ನಿಮ್ಮ ನಂಬರು ಬಂದ್ ಆಗುತ್ತೆ, ಒಂದು ಒತ್ತಿ" ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೆಸರಲ್ಲಿ ರೆಕಾರ್ಡ್ ದನಿ ಬಂದರೆ ಇಟ್ಟುಬಿಡಿ. ನಂಬರು ಬಂದ್ ಮಾಡುವುದಕ್ಕೆ ಟ್ರಾಯ್ ಯಾರಿಗೂ ಫೋನ್ ಮಾಡುವುದಿಲ್ಲ.

1800ರಿಂದ ಶುರುವಾಗುವ ನಂಬರು ಉಚಿತ. 1860ರಿಂದ ಶುರುವಾದರೆ ಉಚಿತವಲ್ಲ. ನೋಡಲು ಅಣ್ಣತಮ್ಮಂದಿರ ಹಾಗಿರುವುದರಿಂದ ಜನ ಅರ್ಧ ಗಂಟೆ ಹಾಡು ಕೇಳುತ್ತಾ ಕೂರುತ್ತಾರೆ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಮಾಡಬೇಡಿ. ದಸರಾ ಹೊತ್ತಿನಲ್ಲಿ ರೂಮು ಹುಡುಕುವವರಂತೂ ಎರಡು ಸಲ ನೋಡಿಕೊಳ್ಳಬೇಕು. ಬ್ಯಾಂಕಿನದಾದರೆ ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ನಂಬರೇ ಸರಿ. "ಇವತ್ತು ರಾತ್ರಿ ಕರೆಂಟ್ ಕಟ್" ಅಂತ ಮೆಸೇಜು ಬಂದರೆ ಅದರಲ್ಲಿರುವ ನಂಬರಿಗೆ ಮಾಡದೆ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಮಾಡಿ ವಿಚಾರಿಸಿ.

ವಾಟ್ಸಾಪ್‌ನಲ್ಲಿ ಓಡಾಡುವ ಒಂದು ಸುಳ್ಳನ್ನೂ ಇಲ್ಲೇ ಹೇಳಿಬಿಡುತ್ತೇನೆ. "+375, +371 ನಂಬರಿನ ಕರೆ ಎತ್ತಿದರೆ ಮೂರು ಸೆಕೆಂಡಿನಲ್ಲಿ ನಿಮ್ಮ ಬ್ಯಾಂಕ್ ಮಾಹಿತಿಯೆಲ್ಲ ಕಾಪಿ ಆಗುತ್ತದೆ" ಅಂತ. ಎತ್ತಿದ ಮಾತ್ರಕ್ಕೆ ಹಾಗೇನೂ ಆಗುವುದಿಲ್ಲ. ನಮ್ಮ ದೇಶದಲ್ಲಿ ಇದ್ದುಕೊಂಡು ಎತ್ತಿದರೆ ದುಡ್ಡೂ ಹೋಗುವುದಿಲ್ಲ. ಎತ್ತಿದ ಮೇಲೆ ಅವನು ಹೇಳಿದ್ದನ್ನು ನಾವು ಮಾಡಿದರೆ ಹೋಗುವುದು, ಅಥವಾ ತಿರುಗಿ ಮಾಡಿದರೆ. ಹೆದರಿಸುವ ಮೆಸೇಜು ಕಳಿಸುವವರು ಈ ವ್ಯತ್ಯಾಸ ಹೇಳುವುದಿಲ್ಲ, ಆದ್ದರಿಂದ ಜನ ಫೋನ್ ಎತ್ತಲು ಹೆದರಿ, ಆಮೇಲೆ ಯಾರಿರಬಹುದು ಅಂತ ತಿರುಗಿ ಮಾಡಿ ಕಳೆದುಕೊಳ್ಳುತ್ತಾರೆ!

ತಿರುಗಿ ಮಾಡಿಯಾಗಿದೆ ಅಂದರೆ

ತಕ್ಷಣ ಕಟ್ ಮಾಡಿ. ಹಲೋ ಹಲೋ ಅಂತ ಇನ್ನೊಮ್ಮೆ ನೋಡುವುದು ಬೇಡ, ಅದೂ ಮೀಟರಿಗೇ. ಕಟ್ಟಾಗಿದೆಯೋ ಇಲ್ಲವೋ ಅಂತ ಪರದೆ ನೋಡಿ ಖಾತ್ರಿ ಮಾಡಿಕೊಳ್ಳಿ. ಬ್ಯಾಲೆನ್ಸ್ ಎಷ್ಟು ಉಳಿದಿದೆ ನೋಡಿ, ಆ ನಂಬರು, ಹೊತ್ತು, ಎಷ್ಟು ನಿಮಿಷ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ನಂಬರನ್ನು ಬ್ಲಾಕ್ ಮಾಡಿ.

ದೂರು ಕೊಡಲು ಅದೇ ಸಿಮ್ಮಿನಿಂದ 198ಕ್ಕೆ ಮಾಡಿ, ಉಚಿತ. ಮಾತಾಡಿ ಇಟ್ಟರೆ ಆಗಲಿಲ್ಲ, ಡಾಕೆಟ್ ನಂಬರು, ಅಂದರೆ ದೂರಿನ ಸಂಖ್ಯೆ, ಕೇಳಿ ಪಡೆಯಬೇಕು. ಅವರ ಉತ್ತರ ಸರಿ ಬರದಿದ್ದರೆ ಕಂಪನಿಯಲ್ಲೇ ಅಪೀಲು ಪ್ರಾಧಿಕಾರ ಅಂತ ಇರುತ್ತದೆ, ಆ ಡಾಕೆಟ್ ನಂಬರು ಇಟ್ಟುಕೊಂಡು ಅಲ್ಲಿಗೆ ಹೋಗಬಹುದು. ದುಡ್ಡು ವಾಪಸ್ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಕರೆ ಹೋಗಿರುವುದು ನಿಮ್ಮ ಫೋನಿನಿಂದ, ಒತ್ತಿದವರು ನೀವು, ಅನ್ನುತ್ತಾರೆ. ಆದರೂ ದೂರು ದಾಖಲಾಗಲಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ಆ್ಯಪ್‌ನಲ್ಲೂ ಚಕ್ಷು ಅನ್ನುವ ವಿಭಾಗವಿದೆ, 2024ರ ಮಾರ್ಚ್‌ನಲ್ಲಿ ಶುರುವಾಯಿತು. ಅನುಮಾನದ ನಂಬರುಗಳನ್ನು ಅಲ್ಲಿ ಬರೆದುಹಾಕಬಹುದು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತಲೂ ಅದೇ ತಾಣದಲ್ಲಿ ನೋಡಿಕೊಳ್ಳಬಹುದು, ಒಮ್ಮೆ ನೋಡಿ.

ಕರೆನ್ಸಿಯಲ್ಲದೆ ಬ್ಯಾಂಕಿನ ದುಡ್ಡಿಗೇ ಕೈ ಬಿದ್ದಿದ್ದರೆ 198 ಅಲ್ಲ, ಸೈಬರ್ ವಂಚನೆಯ ಸಹಾಯವಾಣಿ 1930. ಒಂದು ನಿಮಿಷವೂ ತಡ ಮಾಡಬೇಡಿ, ದುಡ್ಡು ಇನ್ನೊಂದು ಖಾತೆಗೆ ಜಾರುವ ಮುಂಚೆ ತಡೆಯುವುದಕ್ಕೆ ಅದೇ ಹತ್ತಿರದ ದಾರಿ. ಆಮೇಲೆ ಮಂಡ್ಯದ್ದೋ ಮೈಸೂರಿನದ್ದೋ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಡಿ.

ದೊಡ್ಡಪ್ಪನ ಫೋನಿನಿಂದ ಅವತ್ತೇ 198ಕ್ಕೆ ಮಾಡಿಸಿದೆ. ಡಾಕೆಟ್ ನಂಬರನ್ನು ಡೈರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಟ್ಟೆ. ಐಎಸ್‌ಡಿ ಬಂದ್ ಮಾಡಿಸಿದೆ, ಮೆಸೇಜು ಬರಲು ಹೆಚ್ಚು ಹೊತ್ತಾಗಲಿಲ್ಲ. ಅವರಿಗೆ ಇದ್ದ ಚಿಂತೆ ಬೇರೆಯದು.

"ಇದೇನೋ ಬಂದ್ ಮಾಡುಸ್ಬುಟ್ಟೆ. ಡೈರಿಯೋರು ಮಾಡುದ್ರೆ ಬತ್ತದೆ ತಾನೆ?"

"ಬತ್ತದೆ ದೊಡ್ಡಪ್ಪ. ಅವ್ರ ನಂಬರ್ ಹೇಳಿ, ಹೆಸರು ಹಾಕ್ಕೊಡ್ತೀನಿ."

ಡೈರಿ ಪುಸ್ತಕದ ಮೊದಲ ಪುಟದಲ್ಲೇ ಸೆಕ್ರೆಟರಿ ನಂಬರಿತ್ತು. ಡೈರಿ ಅಂತ ಸೇವ್ ಮಾಡಿದೆ. ಅವರ ಎದುರಿಗೇ ಆ ನಂಬರಿಗೆ ಒಂದು ಕರೆ ಹಚ್ಚಿ ಕೊಟ್ಟೆ. ಬಟವಾಡೆ ಶುಕ್ರವಾರ ಅಂತೆ.